ಹಸ್ತಾ ಮಳೆಯಲ್ಲಿ ಆಗುಂಬೆಗೆ, ಒಬ್ಬಳೇ

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು, ನಾನು ಬೈಕಿನಲ್ಲಿ ಒಬ್ಬಳೇ ಆಗುಂಬೆಗೆ ಹೋಗಿಬಂದೆ ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಕಾಗದ, ಎರಡು ಪುಟ ತುಂಬ ಬರೆದ ಮಿಡಿ ಉಪ್ಪಿನಕಾಯಿಗೂ ಬಂದಿರಲಿಲ್ಲ ನೋಡಿ! ಕೆಲವರು ಬೈದಿದ್ದಾರೆ. ಹಲವರು ದಾರಿ ಕೇಳಿದ್ದಾರೆ. ಒಬ್ಬರಂತೂ "ಸೀರೆ ಉಟ್ಟುಕೊಂಡು ಹೋದಿರಾ, ಡ್ರೆಸ್ಸಾ?" ಅಂತ ಅಷ್ಟೇ ಕೇಳಿ ಮುಗಿಸಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯೋದು ಆಗದ ಮಾತು. ಆದರೆ ಎರಡು ಕಾಗದ ಮಾತ್ರ ಮೇಜಿನ ಮೇಲೇ ಉಳಿದಿವೆ.

ಮೊದಲನೆಯದು ಒಬ್ಬ ತಾಯಿಯದು. ಊರು, ಹೆಸರು ಬೇಡ ಅಂದಿದ್ದಾರೆ. ಅವರ ಮಗಳಿಗೆ 23 ವರ್ಷ. ಕೆಲಸಕ್ಕೆ ಸೇರಿದ ಮೇಲೆ ಕಂತಿನಲ್ಲಿ ಬೈಕು ತಗೊಂಡಿದ್ದಾಳೆ. ಒಂದು ಭಾನುವಾರ ಒಬ್ಬಳೇ ಘಟ್ಟದ ಕಡೆ ಹೋಗಿ ಸಂಜೆಯೊಳಗೆ ಬಂದುಬಿಡ್ತೀನಿ ಅಂತ ಕೇಳಿದ್ದಕ್ಕೆ ಅಪ್ಪ ಮಾತು ಬಿಟ್ಟು ಮೂರು ವಾರ ಆಯಿತಂತೆ. "ಕಳಿಸಿದರೆ ಇವರಿಗೆ ಸಿಟ್ಟು. ಬೇಡ ಅಂದರೆ ಹೇಳದೆ ಹೋದಾಳು ಅನ್ನೋ ಭಯ. ನಾನೇನು ಮಾಡಲಿ ಅಕ್ಕ?" ಅಂತ ಬರೆದಿದ್ದಾರೆ. ಎರಡನೆಯ ಕಾಗದದಲ್ಲಿ ನಾಲ್ಕೇ ಸಾಲು. ಬರೆದವರಿಗೆ 46 ವರ್ಷ, ಸ್ಕೂಟರ್ ಬರುತ್ತೆ, ತರಕಾರಿ ಮಾರ್ಕೆಟ್ಟು ಮತ್ತು ಮಕ್ಕಳ ಟ್ಯೂಷನ್ ಬಿಟ್ಟು ಬೇರೆಲ್ಲಿಗೂ ಅದನ್ನು ಓಡಿಸಿಲ್ಲ. "ನನಗೂ ಹೋಗಬೇಕು ಅನ್ನಿಸುತ್ತೆ. ತಪ್ಪಾ?" ಅಷ್ಟೇ.

ನನ್ನ ಕಥೆ ಮೊದಲು ಚುಟುಕಾಗಿ ಹೇಳಿಬಿಡ್ತೀನಿ. ಮಗ ಕೆಲಸಕ್ಕೆಂದು ಬೆಂಗಳೂರು ಸೇರಿದಾಗ ಅವನ ಬೈಕು ಮನೆಯ ಪಡಸಾಲೆ ಪಕ್ಕ ನಿಂತಲ್ಲೇ ನಿಂತಿತ್ತು. ಮಾರೋಣ ಅಂದರು ನಮ್ಮ ಮನೆಯವರು. ನಾನು ಕಲೀತೀನಿ ಅಂದೆ. ನಕ್ಕರು. ಭಾನುವಾರ ಬೆಳಗ್ಗೆ ಶಾಲೆಯ ಮೈದಾನದಲ್ಲಿ ಆರು ವಾರ ಕಲಿಸಿದವರೂ ಅವರೇ. ಗೇರಿನ ಗಾಡಿಗೆ ಲೈಸೆನ್ಸ್ ಬೇರೆ ಮಾಡಿಸಬೇಕು, ಅದನ್ನೂ ಮಾಡಿಸಿದ್ದಾಯಿತು. ಒಂದು ವರ್ಷ ಊರೊಳಗೆ, ಊರ ಸುತ್ತ ಓಡಿಸಿದ ಮೇಲೆ ಅಕ್ಟೋಬರ್ ಮೊದಲ ವಾರದ ಒಂದು ದಿನ ಶಿವಮೊಗ್ಗದಿಂದ ಹೊರಟೆ.

ಅಕ್ಟೋಬರ್ ಮೊದಲ ವಾರ ಅಂದರೆ ಹಸ್ತಾ ಮಳೆ. ನಮ್ಮ ಹಿರಿಯರು ಮಳೆಗೆ ನಕ್ಷತ್ರದ ಹೆಸರಿಟ್ಟು ಲೆಕ್ಕ ಹಿಡಿದವರು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಅಂತ ಗಾದೆ ಬೇರೆ. (ಮನೆಮಗಳು ಉಂಡರೆ ಯಾಕೆ ಒಳ್ಳೇದಲ್ಲವೋ ಕಾಣೆ!) ಪುನರ್ವಸು, ಪುಷ್ಯದ ಹಾಗೆ ಹಸ್ತಾ ಮಳೆ ಒಂದೇ ಸಮ ಹೊಯ್ಯೋದಿಲ್ಲ. ಬಿಸಿಲು ಕಾದು, ಮಧ್ಯಾಹ್ನದ ಮೇಲೆ ಗುಡುಗಿ, ಒಂದು ಊರಿಗೆ ಸುರಿದು ಪಕ್ಕದೂರನ್ನು ಒಣಗಿಸಿಬಿಡುತ್ತೆ. ಹಾಗಾಗಿ ಬೆಳಗ್ಗೆ ಆಕಾಶ ತಿಳಿಯಾಗಿದೆ ಅಂತ ಮಳೆಯಂಗಿ ಮನೆಯಲ್ಲಿ ಬಿಡೋ ಹಾಗಿಲ್ಲ.

ಆರೂವರೆಗೆ ಹೊರಟೆ. ನಿಜ ಹೇಳಬೇಕೆಂದರೆ ಹೊರಡುವ ಹೊತ್ತಿನ ಕೆಲಸವೇ ದೊಡ್ಡದು. ಹಾಲು ಕಾಯಿಸಿ, ಮಧ್ಯಾಹ್ನದ ಸಾರಿಗೆ ಬೇಳೆ ಬೇಯಿಸಿಟ್ಟು, ಅತ್ತೆಯವರ ಮಾತ್ರೆ ತಟ್ಟೆಯಲ್ಲಿ ಎತ್ತಿಟ್ಟು, ಗ್ಯಾಸ್ ಬಂದ್ ಮಾಡಿದ್ದೇನಾ ಅಂತ ಎರಡು ಸಲ ನೋಡಿ... ಗಂಡಸರು ಬೀಗದಕೈ ತಗೊಂಡು ಹೊರಟುಬಿಡುತ್ತಾರೆ. ನಾವು ಒಂದು ದಿನ ಮನೆ ಬಿಡಬೇಕಾದರೆ ಹಿಂದಿನ ಸಂಜೆಯಿಂದಲೇ ಹೊರಡಬೇಕು. ಅತ್ತೆಯವರು ಬಾಗಿಲಿಗೆ ಬಂದು "ಯಾರ ಮನೆಗೆ?" ಅಂದರು. "ಯಾರ ಮನೆಗೂ ಇಲ್ಲ, ಸುಮ್ಮನೆ" ಅಂದೆ. ಆ ಉತ್ತರ ಅವರಿಗೆ ಸರಿಹೋಗಲಿಲ್ಲ. ಮದುವೆ, ನಾಮಕರಣ, ಬಾಣಂತನ, ಕೊನೆಗೆ ದೇವಸ್ಥಾನ, ಇಂಥ ಯಾವುದಾದರೂ ನೆಪವಿಲ್ಲದೆ ಹೆಂಗಸು ಹೊಸಿಲು ದಾಟಿದ್ದನ್ನು ಅವರು ಕಂಡವರಲ್ಲ.

ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ದಾಟುವವರೆಗೆ ಎಳೆಬಿಸಿಲು. ಮಂಡಗದ್ದೆ ಸುಮಾರು 30 ಕಿ.ಮೀ. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ನಾನು ಹೋದಾಗ ಬಹಳಷ್ಟು ಖಾಲಿಯಾಗಿದ್ದವು, ಇನ್ನೂ ಹಾರಲು ಧೈರ್ಯ ಬಾರದ ಕೆಲವು ಮರಿಗಳು ಕೊಂಬೆಯ ಮೇಲೆ ರೆಕ್ಕೆ ಬಡಿಯುತ್ತ ಕೂತಿದ್ದವು. ಗಾಡಿ ನಿಲ್ಲಿಸಿ ಹತ್ತು ನಿಮಿಷ ನೋಡಿದೆ. ಬಸ್ಸಿನಲ್ಲಿ ಈ ದಾರಿಯಲ್ಲಿ ನೂರು ಸಲವಾದರೂ ಓಡಾಡಿದ್ದೀನಿ. ಒಂದು ಸಲವೂ ಇಲ್ಲಿ ಇಳಿದಿರಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ಹೇಳೋಳು ನಾನಾಗಿದ್ದರೆ ತಾನೇ?

ಮಂಡಗದ್ದೆ ಬಿಟ್ಟ ಮೇಲೆ ಕಾಡಿನ ನೆರಳಿನಲ್ಲಿ ರಸ್ತೆ ಒದ್ದೆ. ಮಳೆ ಇಲ್ಲ, ಮರದಿಂದ ಹನಿ ಬೀಳ್ತಾ ಇತ್ತು. ತೀರ್ಥಹಳ್ಳಿ ಹೊತ್ತಿಗೆ ಮೋಡ. ಕಮಾನು ಸೇತುವೆಯ ಮೇಲಿಂದ ತುಂಗೆಯನ್ನು ನೋಡಿ, ಎಳ್ಳಮಾವಾಸ್ಯೆಗೆ ಜಾತ್ರೆ ನೆರೆಯುವ ಬಂಡೆಗಳೆಲ್ಲ ಕೆಂಪು ನೀರಿನಲ್ಲಿ ಅರ್ಧ ಮುಳುಗಿದ್ದನ್ನು ಕಂಡು, ಹೋಟೆಲಿನಲ್ಲಿ ಬಿಸಿ ಇಡ್ಲಿ ತಿಂದೆ. ಪೆಟ್ರೋಲ್ ಅಲ್ಲೇ ತುಂಬಿಸಿಕೊಂಡೆ. ಬಂಕಿನ ಹುಡುಗ "ಯಜಮಾನ್ರು ಹಿಂದೆ ಬರ್ತಿದಾರಾ ಅಮ್ಮ?" ಅಂದ. ಆ ದಿನ ಈ ಪ್ರಶ್ನೆ ನನಗೆ ನಾಲ್ಕು ಕಡೆ ಬಂತು. ಯಾರೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಒಬ್ಬಳೇ ಹೆಂಗಸು ಅಂದರೆ ಉಳಿದರ್ಧ ಎಲ್ಲೋ ಹಿಂದಿದೆ ಅಂತಲೇ ನಮ್ಮ ಜನರ ಲೆಕ್ಕ.

ಇಲ್ಲೊಂದು ಮಾತು ಹೇಳಲೇಬೇಕು, ಸಂಕೋಚ ಬೇಡ. ದಾರಿಯಲ್ಲಿ ಹೆಂಗಸರಿಗೆ ದೊಡ್ಡ ಚಿಂತೆ ಕಳ್ಳಕಾಕರದ್ದಲ್ಲ, ಬಚ್ಚಲುಮನೆಯದು. ಅದಕ್ಕೆ ಹೆದರಿ ನೀರೇ ಕುಡಿಯದೆ ಹೋಗುವವರು ಬಹಳ. ಮಧ್ಯಾಹ್ನಕ್ಕೆ ತಲೆನೋವು, ಕಣ್ಣು ಮಂಜು. ಗಾಡಿ ಓಡಿಸೋರಿಗೆ ಅದು ಅಪಾಯ. ತೀರ್ಥಹಳ್ಳಿಯಂಥ ಊರಿನ ಬಸ್ ನಿಲ್ದಾಣ, ಒಳ್ಳೆಯ ಹೋಟೆಲು, ಪೆಟ್ರೋಲ್ ಬಂಕು, ಇವನ್ನು ಹೊರಡುವ ಮುಂಚೆಯೇ ಗುರುತು ಮಾಡಿಕೊಳ್ಳಿ. ನೀರು ಕುಡಿಯಿರಿ.

ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿ.ಮೀ. ದಾರಿಯುದ್ದಕ್ಕೂ ಹೊಡೆ ಬಿಟ್ಟ ಗದ್ದೆ, ಅಡಿಕೆ ತೋಟ. ಗುಡ್ಡೇಕೇರಿಯ ಕಡೆ ಬರುವ ಹೊತ್ತಿಗೆ ಕುಂದಾದ್ರಿ ಒಂದು ಗಳಿಗೆ ಪೂರ್ತಿ ಕಂಡು, ಮರುಗಳಿಗೆ ಮೋಡದೊಳಗೆ ಹೋಗಿಬಿಟ್ಟಿತು. ಒಂದು ತಿರುವಿನಲ್ಲಿ ಬಿಸಿಲು, ಮುಂದಿನ ತಿರುವಿನಲ್ಲಿ ಜಡಿಮಳೆ. ಮಳೆಯ ಗೆರೆ ರಸ್ತೆಗೆ ಅಡ್ಡ ಎಳೆದಂತಿತ್ತು ಅಂದರೆ ನಂಬಬೇಕು ನೀವು. ಅಂಗಿ ಹಾಕಿಕೊಂಡೆ, ಎರಡು ಮೈಲಿಗೆ ಬಿಚ್ಚಿದೆ, ಮತ್ತೆ ಹಾಕಿಕೊಂಡೆ. ಮೂರನೆಯ ಸಲ ಬಿಚ್ಚೋ ಗೋಜಿಗೇ ಹೋಗಲಿಲ್ಲ.

ಇದು ಯಾಕೆ ಹೀಗೆ ಅಂತ ಮಕ್ಕಳು ಕೇಳಿದರೆ ಹೇಳಲು ಬರುವಂತಿರಲಿ. ಅರಬ್ಬೀ ಸಮುದ್ರದಿಂದ ನೀರಾವಿ ಹೊತ್ತ ಗಾಳಿ ಬರುತ್ತದೆ. ಘಟ್ಟದ ಗೋಡೆ ಅಡ್ಡ ನಿಂತಿರೋದರಿಂದ ಮೇಲೇರಲೇಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆವಿ ಹನಿಯಾಗೋ ಹಾಗೆ ಮಳೆಯಾಗುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಆ ಗೋಡೆಯ ತುದಿಯಲ್ಲೇ ಕೂತಿದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ. ಗಾಳಿ ಘಟ್ಟ ದಾಟಿ ಶಿವಮೊಗ್ಗ ಮುಟ್ಟುವಷ್ಟರಲ್ಲಿ ನೀರೆಲ್ಲ ಚೆಲ್ಲಿಕೊಂಡಿರುತ್ತೆ. ಅಲ್ಲಿಯ ಮಳೆ ಆಗುಂಬೆಯ ಐದನೇ ಒಂದು ಪಾಲೂ ಇಲ್ಲ. ಅದಕ್ಕೇ ನಮ್ಮೂರಿನ ಆಕಾಶ ನೋಡಿ ಆಗುಂಬೆಯ ಹವೆ ಹೇಳೋಕಾಗಲ್ಲ.

ಆಗುಂಬೆ ಸಣ್ಣ ಊರು. 1980ರ ದಶಕದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದದ್ದು ಇಲ್ಲೇ. ದೊಡ್ಡಮನೆಯ ಜಗಲಿ ನೋಡಿದರೆ ಸ್ವಾಮಿ ಈಗ ಬರ್ತಾನೆ ಅನ್ನಿಸುತ್ತೆ. ನನ್ನ ಎಣಿಕೆ ಇದ್ದದ್ದು ಘಾಟಿ ಇಳಿದು, ಸೋಮೇಶ್ವರ ನೋಡಿ, ಹೆಬ್ರಿಯಲ್ಲಿ ಊಟ ಮಾಡಿ ಹತ್ತಿ ಬರೋದು. ಘಾಟಿಯಲ್ಲಿ 14 ಹಿಮ್ಮುರಿ ತಿರುವು. ಹನ್ನೊಂದು ಗಂಟೆ ಸುಮಾರಿಗೆ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಹೋದೆ. ಹವೆ ತಿಳಿಯಾಗಿದ್ದರೆ ಸಂಜೆ ಅಲ್ಲಿಂದ ಕಡಲು ಕಾಣುತ್ತದೆ. ನನಗೆ ಕಂಡದ್ದು ಬಿಳಿ ಗೋಡೆ. ಕಟ್ಟೆಯ ಕಂಬಿ ಕಾಣ್ತಿತ್ತು, ಅದರಾಚೆ ಏನೂ ಇಲ್ಲ. ಕೆಳಗಿನಿಂದ ಬರುವ ವಾಹನದ ಹಾರನ್ ಕೇಳಿ, ಎಷ್ಟೋ ಹೊತ್ತಿನ ಮೇಲೆ ಹಳದಿ ದೀಪ, ಆಮೇಲೆ ಥಟ್ಟನೆ ಇಡೀ ವ್ಯಾನು ಎದುರಿಗೆ.

ರಸ್ತೆ ಬದಿಯ ಗೂಡಂಗಡಿಯ ಹೆಂಗಸು ಒಂದು ಲೋಟ ಕಷಾಯ ಕೊಟ್ಟರು. "ಒಬ್ರೇ ಬಂದ್ರಾ? ಎಂಥ ಧೈರ್ಯ ಮಾರಾಯ್ರೆ!" ಅಂದರು. ಇಳೀಲಾ ಅಂದಿದ್ದಕ್ಕೆ, ಇಳಿಯಬೇಡಿ ಅನ್ನಲಿಲ್ಲ. "ಮಂಜು ಮಧ್ಯಾಹ್ನ ಬಿಟ್ರೂ ಬಿಡ್ತು, ಇಲ್ದಿದ್ರೆ ಇಲ್ಲ. ನೀವೇ ನೋಡಿಕೊಳ್ಳಿ ಅಮ್ಮ" ಅಂದರು.

ಅರ್ಧ ಗಂಟೆ ಕಾದೆ. ಬಿಡಲಿಲ್ಲ. ಗಾಡಿ ತಿರುಗಿಸಿದೆ.

ಈ ಮಾತನ್ನು ಎಳೆದು ಹೇಳೋದಕ್ಕೆ ಕಾರಣ ಇದೆ. ಅದೇ ಅರ್ಧ ಗಂಟೆಯಲ್ಲಿ ಆರು ಬೈಕುಗಳಲ್ಲಿ ಹುಡುಗರ ಗುಂಪೊಂದು ಬಂತು. ಅವರಲ್ಲಿ ಒಬ್ಬ ಹಿಂದೆ ಉಳಿದು "ಸ್ವಲ್ಪ ಕಾಯೋಣ ಕಣ್ರೋ" ಅಂದ. ಮುಂದಿದ್ದವನು "ಹೆದರಿದ್ರೆ ಮನೇಲಿರಬೇಕಿತ್ತು" ಅಂತ ನಕ್ಕ. ಎಲ್ಲರೂ ನಕ್ಕರು, ಎಲ್ಲರೂ ಇಳಿದರು, ಹೆದರಿದವನೂ ಇಳಿದ. ಅವನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಜೊತೆಗೆ ಯಾರಾದರೂ ಇದ್ದಿದ್ದರೆ? "ಇಷ್ಟು ದೂರ ಬಂದು ಹೆಬ್ರಿ ನೋಡದೆ ಹೋಗೋದಾ" ಅಂತ ಅವರಿಗಾಗಿ ನಾನು, ನನಗಾಗಿ ಅವರು ಇಳಿದುಬಿಡುತ್ತಿದ್ದೆವೇನೋ. ಒಬ್ಬಳೇ ಇದ್ದೆ. ವಾಪಸ್ಸು ಹೋಗೋದಕ್ಕೆ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ, ಯಾರ ಮುಖವೂ ಸಣ್ಣದಾಗಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಇನ್ನೊಬ್ಬರ ಅನುಕೂಲ ಕೇಳದೆ ನಾನು ಮಾಡಿದ ತೀರ್ಮಾನ ಎಷ್ಟು ಅಂತ ಬರುವಾಗ ದಾರಿಯಲ್ಲಿ ಎಣಿಸಿದೆ. ಒಂದು ಕೈಯ ಬೆರಳು ಸಾಕಾಯಿತು.

ಆದ್ದರಿಂದ, ಮಗಳ ಬಗ್ಗೆ ಬರೆದ ತಾಯಿಗೆ ನನ್ನ ಉತ್ತರ: "ಹೋಗೋದಾದರೆ ಗುಂಪಿನಲ್ಲಿ ಹೋಗು" ಅಂತ ಹೇಳೋದು ನಾವಂದುಕೊಂಡಷ್ಟು ಕ್ಷೇಮದ ಮಾತಲ್ಲ. ಅವಳು ಹೇಳಿ ಹೋಗಲಿ, ಅದು ಮುಖ್ಯ. ಹೇಳಿ ಹೋದ ಮಗಳು ದಾರಿಯಲ್ಲಿ ಏನಾದರೂ ಆದರೆ ಮೊದಲು ಮನೆಗೆ ಫೋನ್ ಮಾಡುತ್ತಾಳೆ. ಕದ್ದು ಹೋದವಳು ಗಾಡಿ ಕೆಟ್ಟರೂ, ಕತ್ತಲಾದರೂ, ಮನೆಗೆ ಮಾತ್ರ ತಿಳಿಸೋದಿಲ್ಲ. ಈ ಒಂದು ಮಾತನ್ನು ಯಜಮಾನರಿಗೆ ಸಿಟ್ಟಿಲ್ಲದ ಹೊತ್ತಿನಲ್ಲಿ, ಊಟವಾದ ಮೇಲೆ ಹೇಳಿನೋಡಿ. ಜೊತೆಗೆ ಅವರನ್ನೇ ಕೂರಿಸಿ ಮಗಳ ಗಾಡಿಯ ಬ್ರೇಕು, ಚೈನು, ಟೈರು ನೋಡಲು ಹೇಳಿ. ಮಾತು ಬಿಟ್ಟ ಅಪ್ಪಂದಿರು ಸ್ಪ್ಯಾನರ್ ಹಿಡಿದರೆ ಮಾತು ತಾನಾಗಿ ಬರುತ್ತೆ. ನಮ್ಮ ಮನೆಯಲ್ಲಿ ಕಂಡದ್ದೇ ಹೇಳ್ತಿದ್ದೀನಿ.

ಮಗಳ ಜೊತೆ ಮೂರು ಒಪ್ಪಂದ ಮಾಡಿಕೊಳ್ಳಿ. ಎಲ್ಲೆಲ್ಲಿಂದ ಫೋನ್ ಮಾಡುತ್ತಾಳೆ ಅನ್ನೋದು ಮೊದಲೇ ನಿಗದಿಯಾಗಲಿ. ಘಟ್ಟದ ಕಾಡಿನಲ್ಲಿ ಸಿಗ್ನಲ್ ಇರೋದಿಲ್ಲ, ಆ ಹೊತ್ತು ನೀವು ಹತ್ತು ಸಲ ಫೋನ್ ಮಾಡಿ ಗಾಬರಿ ಬೀಳಬಾರದು. ಕತ್ತಲಾಗುವ ಮುಂಚೆ ಘಟ್ಟದ ರಸ್ತೆ ಬಿಟ್ಟು ಬಂದಿರಬೇಕು. ಅರ್ಧ ದಾರಿಯಿಂದ ವಾಪಸ್ಸು ಬಂದರೆ ಮನೆಯಲ್ಲಿ ಯಾರೂ ಆಡಿಕೊಳ್ಳಬಾರದು. ಈ ಮೂರನೆಯದು ನಿಮಗೆ, ನಿಮ್ಮ ಯಜಮಾನರಿಗೆ. 112 ನಂಬರು ಅವಳ ಫೋನಿನಲ್ಲಿ ಇರಲಿ. 2022ರ ಜುಲೈನಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು, ಅದಕ್ಕೇ ನಟ್ಟನಡು ಮಳೆಗಾಲದಲ್ಲಿ ಘಾಟಿ ಬೇಡ ಅಂತ ನಾನೂ ಕಟ್ಟುನಿಟ್ಟಾಗಿಯೇ ಹೇಳ್ತೀನಿ.

ಇನ್ನು ಬಟ್ಟೆಯ ಪ್ರಶ್ನೆ. ಸೀರೆ ಉಟ್ಟು ಹೋಗಲಿಲ್ಲ, ಪ್ಯಾಂಟು, ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬೂಟು. ದುಪಟ್ಟಾ ಮಾತ್ರ ಮನೆಯಲ್ಲಿ ಬಿಡಿ, ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಕುತ್ತಿಗೆಗೆ ಬರುತ್ತದೆ. ಹಿಂದೆ ಕೂರುವವರ ಸೆರಗಿಗೂ ಇದೇ ಮಾತು. ಬೈಕಿನ ಸೀರೆ ಗಾರ್ಡನ್ನು ಚೆಂದಕ್ಕಲ್ಲ ಅಂತ ತೆಗೆಸುವ ಹುಡುಗರಿಗೆ ಬುದ್ಧಿ ಹೇಳಿ. ಹೆಲ್ಮೆಟ್ಟು ಐಎಸ್‌ಐ ಗುರುತಿನದೇ ಇರಲಿ, ಪಟ್ಟಿ ಹಾಕಿದ್ದರೆ ಮಾತ್ರ ಅದು ಹೆಲ್ಮೆಟ್ಟು. ಒದ್ದೆ ಮೈಗೆ ಗಾಳಿ ಹೊಡೆದರೆ ಅಕ್ಟೋಬರಿನಲ್ಲೂ ಹಲ್ಲು ಕಟಕಟ ಅನ್ನುತ್ತೆ. ಅಂಗಿಯ ಒಳಗೆ ಎದೆಗೆ ಎರಡು ಹಳೇ ದಿನಪತ್ರಿಕೆ ಮಡಿಸಿ ಇಟ್ಟುಕೊಂಡರೆ ಸ್ವೆಟರಿನಷ್ಟೇ ಬೆಚ್ಚಗೆ. ಒಣ ಕಾಲುಚೀಲ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ. ಮಳೆಯಲ್ಲಿ ನೆನೆದ ಮೇಲೆ ಒಣ ಕಾಲುಚೀಲ ಹಾಕಿಕೊಳ್ಳೋ ಸುಖ ಯಾವ ಒಡವೆಯಲ್ಲೂ ಇಲ್ಲ.

ಓಡಿಸುವಾಗ ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಥಟ್ಟನೆ ಒತ್ತಬಾರದು, ಎರಡೂ ಬ್ರೇಕು ಮೆಲ್ಲಗೆ ಒಟ್ಟಿಗೆ. ಎಷ್ಟೋ ದಿನದ ಮೇಲೆ ಬಿದ್ದ ಮೊದಲ ಮಳೆಗೆ ರಸ್ತೆಯ ಎಣ್ಣೆ ಮೇಲೆದ್ದು ಜಾರುತ್ತದೆ. ಬಿಳಿ ಪಟ್ಟೆಯ ಬಣ್ಣ, ಉದುರಿದ ಎಲೆ, ಟ್ರ್ಯಾಕ್ಟರ್ ಚೆಲ್ಲಿದ ಕೆಸರು, ಇವೂ ಅಷ್ಟೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸೋದಕ್ಕೆ ಅಂತ ನ್ಯೂಟ್ರಲ್ಲಿಗೆ ಹಾಕಿ ಬಿಡೋರಿದ್ದಾರೆ, ಮಹಾ ಅಪಾಯ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಕೆಲಸ ಕಡಿಮೆ.

46 ವರ್ಷದ ಸೋದರಿಗೆ: ತಪ್ಪಲ್ಲ. 1982ರಲ್ಲಿ ಲಂಡನ್ನಿನ ಎಲ್ಸ್‌ಪೆತ್ ಬಿಯರ್ಡ್ ಎಂಬ ಹುಡುಗಿ ಒಬ್ಬಳೇ ಮೋಟಾರ್ ಸೈಕಲ್ಲಿನಲ್ಲಿ ಭೂಪ್ರದಕ್ಷಿಣೆಗೆ ಹೊರಟು, ನಮ್ಮ ದೇಶವನ್ನೂ ಹಾದು, 1984ರಲ್ಲಿ ಮನೆ ಸೇರಿದಳು. ಅಷ್ಟು ದೂರ ನಮಗೆ ಬೇಡ ಬಿಡಿ, ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆಯಲ್ಲಿರಬೇಕು! ನಿಮ್ಮ ಸ್ಕೂಟರೇ ಸಾಕು. ಮೊದಲ ವಾರ ಊರಿಂದ ಹತ್ತು ಕಿ.ಮೀ. ಹೋಗಿ, ಒಂದು ಮರದ ಕೆಳಗೆ ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಕುಡಿದು ಬನ್ನಿ. ಮುಂದಿನ ತಿಂಗಳು ಇಪ್ಪತ್ತು. ಮನೆಯಲ್ಲಿ ಯಾರ ಮನೆಗೆ ಅಂತ ಕೇಳಿದರೆ ಏನು ಹೇಳಬೇಕು ಅನ್ನೋದನ್ನು ಮಾತ್ರ ಮೊದಲೇ ಯೋಚಿಸಿಟ್ಟುಕೊಳ್ಳಿ. ನನಗೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ನಿಮಗೆ ಹೊಳೆದರೆ ಬರೆಯಿರಿ.

ಅಂದ ಹಾಗೆ, ಬುತ್ತಿಗೆ ಏನು ಕಟ್ಟಿಕೊಂಡಿರಿ ಅಂತ ಮೂರು ಜನ ಕೇಳಿದ್ದಾರೆ. ಚಪಾತಿ, ಚಟ್ನಿಪುಡಿ, ಎರಡು ಬಾಳೆಹಣ್ಣು. ಫ್ಲಾಸ್ಕಿನಲ್ಲಿ ಕಷಾಯ. ಅದರ ಪುಡಿಗೆ ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಅರ್ಧ ಲೋಟ, ಕಾಳುಮೆಣಸು ಎರಡು ಚಮಚ, ಮೆಂತ್ಯ ಅರ್ಧ ಚಮಚ, ಏಲಕ್ಕಿ ನಾಲ್ಕು. ಏಲಕ್ಕಿ ಬಿಟ್ಟು ಉಳಿದದ್ದನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಬೇರೆ ಬೇರೆಯಾಗಿ ಹುರಿಯಿರಿ. ಆರಿದ ಮೇಲೆ ಒಂದು ಚಮಚ ಒಣಶುಂಠಿ ಪುಡಿ ಸೇರಿಸಿ ಎಲ್ಲವನ್ನೂ ತರಿತರಿಯಾಗಿ ಪುಡಿ ಮಾಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಕೊನೆಯಲ್ಲಿ. ಫ್ಲಾಸ್ಕಿಗೆ ತುಂಬುವುದಾದರೆ ಹಾಲು ಬೇಡ, ಮಧ್ಯಾಹ್ನಕ್ಕೆ ಒಡೆದುಹೋಗುತ್ತೆ.